ಬಾಗಿಲುಗಳ ಊರಿನಲ್ಲಿ ಏಳು ದಿನ

ಮೂವತ್ತೊಂದು ವರ್ಷ ಶಾಲೆಯಲ್ಲಿ ಇತಿಹಾಸ ಪಾಠ ಹೇಳಿದವನು ನಾನು. ಇಬ್ನ್ ಬತೂತ ಎಂಬ ಹೆಸರನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ‘ಮೊರಾಕೊ ದೇಶದ ಪ್ರವಾಸಿ, ಮಹಮದ್ ಬಿನ್ ತುಘಲಕನ ಆಸ್ಥಾನಕ್ಕೆ ಬಂದವನು’ ಎಂದು ಬರೆದರೆ ಮಕ್ಕಳಿಗೆ ಎರಡು ಅಂಕ ಸಿಗುತ್ತಿತ್ತು. ಆ ಮನುಷ್ಯ ತನ್ನ ಕಥೆಯನ್ನು ಯಾವ ಊರಿನಲ್ಲಿ ಕುಳಿತು ಹೇಳಿದ, ಅದರಲ್ಲಿ ನಮ್ಮ ಕರಾವಳಿಯ ವಿಷಯ ಏನಿದೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ನಿವೃತ್ತನಾದ ಮೇಲೆ ಒಂದು ಸಂಜೆ ಅದನ್ನು ಕೇಳಿದವರು ನನ್ನ ಗೆಳೆಯರಾದ ಅರಬಿ ಮಾಸ್ಟ್ರು.

ನಾವಿಬ್ಬರೂ ಕಾಸರಗೋಡಿನ ಕಡೆಯ ಒಂದೇ ಶಾಲೆಯಲ್ಲಿ ದುಡಿದವರು. ನನ್ನದು ಕನ್ನಡ ವಿಭಾಗ. ಅವರ ಮನೆಮಾತು ಮಲಯಾಳ, ಕಲಿಸುತ್ತಿದ್ದುದು ಅರಬಿ. ನಾನು ಅವರನ್ನು ‘ಮಾಸ್ಟ್ರೇ’ ಎಂದು ಕರೆದರೆ ಅವರು ನನ್ನನ್ನು ‘ಮಾಷೇ’ ಎಂದು ಕರೆಯುತ್ತಾರೆ. ಆ ಸಂಜೆ ಅವರು ಇಬ್ನ್ ಬತೂತನ ಪ್ರವಾಸ ಗ್ರಂಥದ ಅರಬಿ ಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದಿದ್ದರು. “ಮಾಷೇ, ಇದನ್ನು ಹೇಳಿ ಬರೆಸಿದ್ದು ಫೆಜ್ ಎಂಬ ಊರಿನಲ್ಲಿ. ಸಾಯುವ ಮೊದಲು ಒಮ್ಮೆ ನೋಡಿ ಬರುವನಾ?” ಎಂದರು. ಅವರ ಮಗ ಗಲ್ಫಿನಲ್ಲಿ ಇದ್ದಾನೆ, ತಂದೆಗೆ ಟಿಕೆಟು ಕಳುಹಿಸಿದ. ನಾನು ಬ್ಯಾಂಕಿನಲ್ಲಿಟ್ಟ ಗಂಟಿಗೆ ಕೈ ಹಾಕಿದೆ. ‘ಕಾಶಿಗೆ ಕರೆದುಕೊಂಡು ಹೋಗುತ್ತೇನೆಂದು ಇಪ್ಪತ್ತು ವರ್ಷದಿಂದ ಹೇಳಿದವರು ಈಗ ಆಫ್ರಿಕಕ್ಕೆ ಹೊರಟರು’ ಎಂದು ಮನೆಯಾಕೆ ನೆರೆಕರೆಗೆಲ್ಲ ಹೇಳಿದಳು. ಹೀಗೆ 2019ರ ಫೆಬ್ರವರಿಯಲ್ಲಿ, ಮಫ್ಲರು ಸುತ್ತಿಕೊಂಡ ಇಬ್ಬರು ನಿವೃತ್ತ ಮಾಸ್ಟ್ರುಗಳು ಕಾಸಾಬ್ಲಾಂಕಾದಲ್ಲಿ ವಿಮಾನ ಇಳಿದು, ಸುಮಾರು ನಾಲ್ಕು ಗಂಟೆ ರೈಲಿನಲ್ಲಿ ಕುಳಿತು ಫೆಜ್ ನಗರವನ್ನು ಸೇರಿದೆವು.

ಹಳೆಯ ಊರಿಗೆ ಹೊಗುವ ಮುಖ್ಯ ಬಾಗಿಲನ್ನು ಬಾಬ್ ಬೂ ಜಲೂದ್ ಎನ್ನುತ್ತಾರೆ. ಮೂರು ಕಮಾನುಗಳ ಈ ಮಹಾದ್ವಾರದ ಹೊರಮೈಯ ಹಂಚುಗಳು ನೀಲಿ, ಒಳಮೈಯವು ಹಸಿರು. ಮಾಸ್ಟ್ರು ಹೊರಗೆ ನಿಂತು “ನೀಲಿ” ಎಂದರೆ ನಾನು ಒಳಗೆ ನಿಂತು “ಹಸಿರು” ಎನ್ನಬೇಕು. ನೋಡಲು ಬಹಳ ಪುರಾತನವಾಗಿ ಕಾಣುವ ಈ ಬಾಗಿಲನ್ನು ಕಟ್ಟಿದ್ದು 1913ರಲ್ಲಿ, ಫ್ರೆಂಚರ ಆಡಳಿತದ ಕಾಲದಲ್ಲಿ. ನಿಜವಾದ ಹಳೆಯ ಬಾಗಿಲು ಅದರ ಪಕ್ಕದಲ್ಲೇ ಸಣ್ಣದಾಗಿ, ಬಣ್ಣವಿಲ್ಲದೆ ನಿಂತಿದೆ. ಪ್ರವಾಸಿಗಳು ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಒಳಗೆ ಹೋದರೆ ಮೋಟಾರು ವಾಹನಗಳಿಲ್ಲ. ಬೀದಿಗಳು ಇಳಿಯುತ್ತವೆ, ತಿರುಗುತ್ತವೆ, ಕೆಲವು ಕಡೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದಾಗುತ್ತವೆ. ಸಿಮೆಂಟು, ಗ್ಯಾಸ್ ಸಿಲಿಂಡರು, ಹಸಿ ಚರ್ಮ ಎಲ್ಲವೂ ಕತ್ತೆ ಮತ್ತು ಹೇಸರಕತ್ತೆಗಳ ಬೆನ್ನಿನ ಮೇಲೆಯೇ ಹೋಗಬೇಕು. ಹಿಂದಿನಿಂದ “ಬಾಲಕ್! ಬಾಲಕ್!” ಎಂದು ಕೂಗು ಬಂದರೆ ದಾರಿ ಬಿಡಬೇಕು ಎಂದು ಅರ್ಥ. ಮೊದಲ ದಿನ ನಾನು ಯಾರೋ ಹುಡುಗನನ್ನು ಕರೆಯುತ್ತಿದ್ದಾರೆಂದು ತಿಳಿದು ನಿಂತಲ್ಲೇ ನಿಂತು, ಹೇಸರಕತ್ತೆಯ ಮೂಟೆಯಿಂದ ಭುಜಕ್ಕೆ ಸರಿಯಾಗಿ ಒಂದು ತಿವಿತ ತಿಂದೆ.

ಮಾಸ್ಟ್ರ ಅರಬಿಗೂ ಅಲ್ಲಿ ಒಂದು ಪರೀಕ್ಷೆ ಕಾದಿತ್ತು. ಅವರದು ವ್ಯಾಕರಣಶುದ್ಧವಾದ ಗ್ರಂಥಸ್ಥ ಅರಬಿ. ಬೀದಿಯ ಮಾತು ಬೇರೆಯೇ. ಅವರು ದಾರಿ ಕೇಳಿದಾಗಲೆಲ್ಲ ಅಂಗಡಿಯವರು ಮೊದಲು ಎದ್ದು ನಿಂತು ಗೌರವ ತೋರಿಸುತ್ತಿದ್ದರು, ಆಮೇಲೆ ನಗುತ್ತಿದ್ದರು. “ಏನು ಮಾಸ್ಟ್ರೇ?” ಎಂದು ಕೇಳಿದೆ. “ಏನಿಲ್ಲ ಮಾಷೇ, ನೀವು ಹಳಗನ್ನಡದಲ್ಲಿ ಬಂಗುಡೆಗೆ ಕ್ರಯ ಕೇಳಿದರೆ ಹೇಗಿದ್ದೀತು, ಹಾಗೆ” ಎಂದರು.

ಈ ಊರಿನ ಇತಿಹಾಸವನ್ನು ತಿಳಿಯಬೇಕಾದರೆ ಮೊದಲು ಅದರ ನದಿಯನ್ನು ನೋಡಬೇಕು. ಎರಡನೆಯ ದಿನ ನಾವು ಮಾಡಿದ ಕೆಲಸ ಅದೇ. ಇಂದು ಆ ನದಿ ಎರಡು ಗೋಡೆಗಳ ನಡುವಿನ ಕೊಳಕು ನೀರಿನ ಕಾಲುವೆಯಂತೆ ಕಾಣುತ್ತದೆ, ಕೆಲವು ಕಡೆ ಮೇಲೆ ಮುಚ್ಚಿಗೆ ಹಾಕಿ ಮೈದಾನ ಮಾಡಿದ್ದಾರೆ. ಆದರೆ ಒಂದು ಕಾಲದಲ್ಲಿ ಅದು ಎರಡು ನಗರಗಳ ಗಡಿಯಾಗಿತ್ತು. ಪ್ರವಾದಿಯ ವಂಶದವನೆಂದು ಹೇಳಿಕೊಂಡು ಪೂರ್ವದಿಂದ ತಪ್ಪಿಸಿಕೊಂಡು ಬಂದ ಒಂದನೆಯ ಇದ್ರೀಸ್ 789ರಲ್ಲಿ ನದಿಯ ಬಲದಂಡೆಯಲ್ಲಿ ಒಂದು ಊರು ಕಟ್ಟಿಸಿದ. ಅವನ ಮಗ ಎರಡನೆಯ ಇದ್ರೀಸ್ 809ರಲ್ಲಿ ಎಡದಂಡೆಯಲ್ಲಿ ಇನ್ನೊಂದನ್ನು ಕಟ್ಟಿಸಿದ. ಸ್ಪೇನಿನ ಕಾರ್ಡೋಬಾದಲ್ಲಿ 818ರಲ್ಲಿ ನಡೆದ ದಂಗೆ ಸೋತು, ಅಲ್ಲಿಂದ ಗಡೀಪಾರಾದ ಅನೇಕ ಕುಟುಂಬಗಳು ಬಂದು ಬಲದಂಡೆಯಲ್ಲಿ ನೆಲಸಿದವು. ಕೆಲವೇ ವರ್ಷಗಳಲ್ಲಿ ಈಗಿನ ಟುನೀಸಿಯಾದ ಕೈರವಾನ್ ನಗರದಿಂದ ಬಂದವರು ಎಡದಂಡೆಯನ್ನು ಹಿಡಿದರು. ಒಂದು ದಂಡೆ ಅಂದಲೂಸಿನವರದ್ದು, ಇನ್ನೊಂದು ಕೈರವಾನಿನವರದ್ದು. ಎರಡಕ್ಕೂ ಪ್ರತ್ಯೇಕ ಕೋಟೆ, ಪ್ರತ್ಯೇಕ ಸಂತೆ, ಪ್ರತ್ಯೇಕ ಜುಮಾ ಮಸೀದಿ. ಎರಡೂ ಕಡೆಯವರು ವಲಸೆ ಬಂದವರೇ. ಆದರೂ, ಅಥವಾ ಅದಕ್ಕಾಗಿಯೇ ಏನೋ, ಒಬ್ಬರನ್ನು ಕಂಡರೆ ಇನ್ನೊಬ್ಬರಿಗಾಗುತ್ತಿರಲಿಲ್ಲ.

ಈ ಎರಡು ಮಸೀದಿಗಳ ಬಗ್ಗೆ ಅಲ್ಲಿ ಎಲ್ಲರೂ ಹೇಳುವ ಕಥೆ ಸುಂದರವಾಗಿದೆ. ಕೈರವಾನಿನಿಂದ ಬಂದ ಒಬ್ಬ ವ್ಯಾಪಾರಿಗೆ ಫಾತಿಮಾ, ಮರ್ಯಮ್ ಎಂಬ ಇಬ್ಬರು ಹೆಣ್ಣುಮಕ್ಕಳು. ತಂದೆಯ ಆಸ್ತಿ ಕೈಗೆ ಬಂದಾಗ ಅಕ್ಕ ಫಾತಿಮಾ 859ರಲ್ಲಿ ಎಡದಂಡೆಯ ಕರವಿಯ್ಯೀನ್ ಮಸೀದಿಯನ್ನು ಕಟ್ಟಿಸಿದಳು, ತಂಗಿ ಮರ್ಯಮ್ ಬಲದಂಡೆಯ ಅಂದಲೂಸಿಯರ ಮಸೀದಿಯನ್ನು ಕಟ್ಟಿಸಿದಳು. ಇದನ್ನು ಬರೆದವನು ಹದಿನಾಲ್ಕನೆಯ ಶತಮಾನದ ಇಬ್ನ್ ಅಬೀ ಜರ್. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಮಸೀದಿಯ ದುರಸ್ತಿ ನಡೆದಾಗ ಗಾರೆಯ ಅಡಿಯಲ್ಲಿ ಒಂದು ಮರದ ಹಲಗೆ ಸಿಕ್ಕಿತು. 877ರಲ್ಲಿ ಇದ್ರೀಸ್ ವಂಶದ ದಾವೂದ್ ಇದನ್ನು ಕಟ್ಟಿಸಿದನೆಂದು ಅದರಲ್ಲಿ ಕೆತ್ತಿದೆ. ಇತಿಹಾಸದ ಮಾಸ್ಟ್ರನಾಗಿ ನಾನು ಹಲಗೆಯ ಪಕ್ಷ. ಅಕ್ಕತಂಗಿಯರ ಪಕ್ಷ ವಹಿಸಿದವರು ಅರಬಿ ಮಾಸ್ಟ್ರು. ಎರಡು ಊರಿನವರು ಒಬ್ಬರ ಮುಖ ಒಬ್ಬರು ನೋಡದ ಕಾಲದಲ್ಲಿ ಎರಡು ದಂಡೆಯ ಮಸೀದಿಗಳೂ ಒಂದೇ ಮನೆಯ ಮಕ್ಕಳು ಕಟ್ಟಿಸಿದವೆಂದು ಹೇಳಬೇಕಾದರೆ, ಹಾಗೆ ಹೇಳಿದವನಿಗೆ ಏನೋ ಉದ್ದೇಶ ಇದ್ದೀತು ಎಂಬುದು ಅವರ ವಾದ. ಅದನ್ನು ತಳ್ಳಿಹಾಕಲು ನನ್ನಿಂದಾಗಲಿಲ್ಲ.

ನದಿಗೆ ಅಡ್ಡಲಾಗಿ ಇರುವ ಹಳೆಯ ಸೇತುವೆಗಳಲ್ಲಿ ಒಂದರ ಹೆಸರು ‘ಬೈನ್ ಅಲ್ ಮುದುನ್’. ನಗರಗಳ ನಡುವೆ ಎಂದು ಅದರ ಅರ್ಥ. ಈಗ ಅಲ್ಲಿ ಎರಡು ನಗರಗಳಿಲ್ಲ, ಇರುವುದು ಒಂದೇ. ಸೇತುವೆಗೆ ಮಾತ್ರ ಹೆಸರು ಹಾಗೆಯೇ ಉಳಿದಿದೆ. ನಾವು ಅದರ ಕಟ್ಟೆಗೆ ಒರಗಿ ಬಹಳ ಹೊತ್ತು ನಿಂತೆವು. ಚಂದ್ರಗಿರಿ ಹೊಳೆಯ ಸೇತುವೆ ನನ್ನ ಮನಸ್ಸಿಗೆ ಬಂತು. ಅವರ ಮನಸ್ಸಿಗೂ ಬಂದಿರಬೇಕು, ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಮೂರನೆಯ ದಿನ ಉತ್ತರದಿಕ್ಕಿನ ಬಾಬ್ ಗೀಸಾ ಎಂಬ ಬಾಗಿಲಿಗೆ ಹೋದೆವು. ಆ ಬಾಗಿಲಿನ ಹೆಸರಿಗೆ ಒಂದು ಕಥೆಯಿದೆ. ಹನ್ನೊಂದನೆಯ ಶತಮಾನದ ನಡುವೆ ಫೆಜ್ ಅನ್ನು ಆಳುತ್ತಿದ್ದ ಜನಾತ ಕುಲದ ದೊರೆಗೆ ಫುತೂಹ್, ಅಜೀಸಾ ಎಂಬ ಇಬ್ಬರು ಮಕ್ಕಳಿದ್ದರು. ತಂದೆ ಸತ್ತ ಮೇಲೆ ಫುತೂಹ್ ಅಂದಲೂಸಿಯರ ದಂಡೆಯನ್ನು ಹಿಡಿದ, ಅಜೀಸಾ ಕೈರವಾನಿಗಳ ದಂಡೆಯನ್ನು ಹಿಡಿದ. ಅಣ್ಣತಮ್ಮಂದಿರು ತಮ್ಮ ತಮ್ಮ ಕಡೆ ಒಂದೊಂದು ಬಾಗಿಲು ಕಟ್ಟಿಸಿ ತಮ್ಮ ಹೆಸರಿಟ್ಟುಕೊಂಡು, ನದಿಯ ಆಚೆ ಈಚೆ ನಿಂತು ಕಾದಾಡಿದರು. ಕೊನೆಗೆ ಫುತೂಹ್ ಗೆದ್ದು ತಮ್ಮನನ್ನು ಕೊಂದ. ತಮ್ಮನ ಹೆಸರು ಬಾಗಿಲಿನ ಮೇಲೆ ಉಳಿಯಬಾರದೆಂದು ಆಜ್ಞೆ ಮಾಡಿದ. ಜನ ಏನು ಮಾಡಿದರು? ಹೆಸರನ್ನು ಪೂರ್ತಿ ಬಿಡಲಿಲ್ಲ, ಮೊದಲ ಅಕ್ಷರವನ್ನು ಮಾತ್ರ ಬಿಟ್ಟರು. ಅಜೀಸಾ ಹೋಗಿ ಜೀಸಾ ಆಯಿತು, ಬೀದಿಯ ಬಾಯಲ್ಲಿ ಗೀಸಾ ಆಯಿತು. ಅಣ್ಣನ ಬಾಬ್ ಫುತೂಹ್ ಊರಿನ ಇನ್ನೊಂದು ತುದಿಯಲ್ಲಿ ಇಂದಿಗೂ ಇದೆ, ತಮ್ಮನ ಬಾಗಿಲೂ ಇದೆ. 1070ರ ಸುಮಾರಿಗೆ ಅಲ್ಮೊರಾವಿದ್ ವಂಶದ ಯೂಸುಫ್ ಬಿನ್ ತಾಶಫೀನ್ ಊರನ್ನು ಗೆದ್ದು, ಎರಡು ದಂಡೆಗಳ ನಡುವಿನ ಕೋಟೆಗೋಡೆಯನ್ನು ಕೆಡವಿ, ಎರಡನ್ನೂ ಸೇರಿಸಿ ಸುತ್ತ ಒಂದೇ ಗೋಡೆ ಹಾಕಿಸಿದ. ಸುಮಾರು ಇನ್ನೂರ ಅರುವತ್ತು ವರ್ಷಗಳ ಒಳಜಗಳ ಅಲ್ಲಿಗೆ ಮುಗಿಯಿತು. ಗೋಡೆ ಹೋಯಿತು, ದಂಡೆಗಳ ಎರಡು ಹೆಸರುಗಳು ಹೋಗಲಿಲ್ಲ.

ಈ ಕಥೆಯನ್ನು ನನಗೆ ಹೇಳಿ ಮುಗಿಸಿದ ಮಾಸ್ಟ್ರು ಬಾಗಿಲಿನ ಮೆಟ್ಟಿಲಲ್ಲಿ ಕುಳಿತು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಷೇ, ಆ ಬೋರ್ಡಿನ ವರ್ಷ ನಾನು ಬಾಯಿ ತೆರೆಯಬೇಕಿತ್ತು” ಎಂದರು.

ಯಾವ ಬೋರ್ಡು ಎಂದು ನಾನು ಕೇಳಬೇಕಾಗಿರಲಿಲ್ಲ. ಬಹಳ ವರ್ಷಗಳ ಹಿಂದೆ ನಮ್ಮ ಶಾಲೆಯ ಹೆಸರಿನ ಬೋರ್ಡಿಗೆ ಹೊಸ ಬಣ್ಣ ಬಳಿದಾಗ ಕನ್ನಡದ ಸಾಲು ಬಿಟ್ಟುಹೋಗಿತ್ತು. ‘ಜಾಗ ಸಾಲಲಿಲ್ಲ’ ಎಂಬುದು ಉತ್ತರ. ಸ್ಟಾಫ್ ಮೀಟಿಂಗಿನಲ್ಲಿ ನಾನು ಎದ್ದು ಮಾತಾಡಿದೆ. ಇಡೀ ಕೋಣೆ ಸುಮ್ಮನಿತ್ತು. ಮಾಸ್ಟ್ರು ಸುಮ್ಮನೆ ಕುಳಿತದ್ದು ಮಾತ್ರ ನನ್ನನ್ನು ಚುಚ್ಚಿತು. ಮುಂದಿನ ವರ್ಷ ಕನ್ನಡದ ಸಾಲು ಸಣ್ಣ ಅಕ್ಷರದಲ್ಲಿ ಮರಳಿ ಬಂತು. ನಮ್ಮ ಸ್ನೇಹ ಮರಳಲು ಎರಡು ವರ್ಷ ಬೇಕಾಯಿತು. ಆ ನಡುವೆ ಅವರ ಹಿರಿಮಗಳ ಮದುವೆ ಆಯಿತು. ಮನೆಗೆ ಬಂದು ಕರೆದಿದ್ದರು. ನಾನು ಹೋಗಲಿಲ್ಲ.

“ನಾನು ಮದುವೆಗೆ ಬರಬೇಕಿತ್ತು ಮಾಸ್ಟ್ರೇ” ಎಂದೆ. ನಮ್ಮ ಮುಂದಿನಿಂದ ಒಬ್ಬ ಹುಡುಗ ಹಲಗೆಯ ಮೇಲೆ ಹಸಿ ಹಿಟ್ಟಿನ ರೊಟ್ಟಿಗಳನ್ನು ಹೊತ್ತುಕೊಂಡು ಕೇರಿಯ ಒಲೆಗೆ ಹೋಗುತ್ತಿದ್ದ. ಅಲ್ಲಿ ಪ್ರತಿ ಕೇರಿಗೂ ಒಂದು ಸಾರ್ವಜನಿಕ ಒಲೆ ಉಂಟು. ಹತ್ತಾರು ಮನೆಗಳ ರೊಟ್ಟಿ ಒಂದೇ ಬೆಂಕಿಯಲ್ಲಿ ಬೇಯುತ್ತದೆ, ಯಾವುದು ಯಾರದೆಂದು ಒಲೆಯವನಿಗೆ ಗೊತ್ತು. ನಾವು ಅದನ್ನು ನೋಡುತ್ತ ಕುಳಿತೆವು. ಅದಕ್ಕಿಂತ ಹೆಚ್ಚು ಮಾತು ಆ ವಿಷಯದಲ್ಲಿ ಆಗಲಿಲ್ಲ.

ನಾಲ್ಕನೆಯ ದಿನ ಶುಕ್ರವಾರ. ಮಾಸ್ಟ್ರು ಕರವಿಯ್ಯೀನ್ ಮಸೀದಿಯಲ್ಲಿ ಜುಮಾ ನಮಾಜು ಮಾಡಬೇಕೆಂದು ಊರಿನಿಂದಲೇ ಸಂಕಲ್ಪಿಸಿದ್ದರು. ಇಸ್ಲಾಮೀ ವಿದ್ಯೆಯ ಮಹಾಕೇಂದ್ರ ಅದು, ಜಗತ್ತಿನ ಅತಿ ಹಳೆಯ ವಿಶ್ವವಿದ್ಯಾನಿಲಯಗಳಲ್ಲಿ ಒಂದೆಂದು ಅದನ್ನು ಹೇಳುತ್ತಾರೆ. ಅದರ ಮಿನಾರಿನ ವಿಷಯವೂ ಕುತೂಹಲಕರವಾದುದು. ಕೈರವಾನಿಗಳ ದಂಡೆಯ ಈ ಮಸೀದಿಗೆ 956ರಲ್ಲಿ ಮಿನಾರು ಕಟ್ಟಲು ಹಣ ಬಂದದ್ದು ಕಾರ್ಡೋಬಾದ ಖಲೀಫನಿಂದ, ಅಂದರೆ ಎದುರು ದಂಡೆಯವರ ಮೂಲ ಊರಿನಿಂದ!

ಮೊರಾಕೊದಲ್ಲಿ ಮುಸ್ಲಿಮರಲ್ಲದವರು ಸಾಮಾನ್ಯವಾಗಿ ಮಸೀದಿಯೊಳಗೆ ಹೋಗುವಂತಿಲ್ಲ. ಈ ನಿಯಮ ಗಟ್ಟಿಯಾದದ್ದು 1912ರ ನಂತರ, ಫ್ರೆಂಚ್ ಆಡಳಿತಾಧಿಕಾರಿ ಲ್ಯೋಟೆಯ ಕಾಲದಲ್ಲಿ. ತನ್ನ ಸೈನಿಕರೂ ವಲಸೆಗಾರರೂ ಮಸೀದಿಗಳಿಗೆ ನುಗ್ಗಿ ಜನರನ್ನು ಕೆರಳಿಸಬಾರದೆಂಬ ಲೆಕ್ಕಾಚಾರ ಅವನದಿತ್ತು. ಆಳಿದವರು ಹೋದರು, ನಿಯಮ ಉಳಿಯಿತು. ಬಾಗಿಲಿನಲ್ಲಿ ಮಾಸ್ಟ್ರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು, ಒಳಗೆ ಹೋಗಲಿಲ್ಲ. “ನೀವು ಹೊರಗೆ, ನಾನು ಒಳಗೆ ಅಂದರೆ ಹೇಗೆ?” ಎಂದರು. “ಹೋಗಿ ಮಾಸ್ಟ್ರೇ, ಇದಕ್ಕಾಗಿಯೇ ಬಂದದ್ದಲ್ಲವೇ?” ಎಂದು ನಾನೇ ಕಳುಹಿಸಿದೆ. ತೆರೆದ ಬಾಗಿಲಿನಿಂದ ಅಂಗಳ ಕಾಣುತ್ತಿತ್ತು. ಬಣ್ಣದ ಹಂಚಿನ ನೆಲ, ನಡುವೆ ನೀರಿನ ತೊಟ್ಟಿ, ಬಿಳಿಯ ಕಮಾನುಗಳು. ಸುಮಾರು ಒಂದು ಗಂಟೆ ನಾನು ಹೊಸ್ತಿಲ ಹೊರಗೆ ನಿಂತು ನೋಡಿದೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ಮಾಸ್ಟ್ರು ಹೊರಬಂದವರು ನೀರಿನ ಬಾಟಲಿ ತೆರೆದು, “ಕೈ ಒಡ್ಡಿ ಮಾಷೇ” ಎಂದರು. ಯಾಕೆಂದು ತಿಳಿಯದೆ ಬೊಗಸೆ ಒಡ್ಡಿದೆ. ಎತ್ತರದಿಂದ ನೀರು ಹೊಯ್ದು, “ನಮ್ಮ ಲೆಕ್ಕ ಚುಕ್ತಾ!” ಎಂದು ನಕ್ಕರು.

ಈ ನಗೆಯ ಅರ್ಥ ತಿಳಿಯಲು ಇಬ್ನ್ ಬತೂತನ ಪುಸ್ತಕ ಬೇಕು. ನಮ್ಮ ಕರಾವಳಿಯ ದಾರಿಯನ್ನು ಅವನು ಹೀಗೆ ವರ್ಣಿಸಿದ್ದಾನೆ: ದಾರಿಯುದ್ದಕ್ಕೂ ಮರಗಳ ನೆರಳು. ಅರ್ಧ ಮೈಲಿಗೊಂದು ಮರದ ತಂಗುದಾಣ, ಎಲ್ಲ ಜಾತಿಮತದ ದಾರಿಹೋಕರೂ ಕುಳಿತುಕೊಳ್ಳಲು ಅದರಲ್ಲಿ ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಹಿಂದೂ ಬಂದರೆ ಪಾತ್ರೆಯಲ್ಲಿ ನೀರು ಕೊಡುತ್ತಾನೆ, ಮುಸ್ಲಿಮ್ ಬಂದರೆ ಕೈಗೆ ಹೊಯ್ಯುತ್ತಾನೆ. ಮುಸ್ಲಿಮರನ್ನು ಮನೆಯೊಳಗೆ ಬಿಡುವುದಿಲ್ಲ, ಆದರೆ ಅಡುಗೆ ಮಾಡಿ ಬಾಳೆಲೆಯಲ್ಲಿ ಬಡಿಸುತ್ತಾರೆ. ಅವನು ಇದನ್ನು ದೂರಾಗಿ ಬರೆಸಲಿಲ್ಲ, ಹೊಗಳಿಕೆಯಾಗಿಯೂ ಬರೆಸಲಿಲ್ಲ, ಕಂಡದ್ದನ್ನು ಬರೆಸಿದ. ನಮ್ಮ ಅಜ್ಜಿಯ ಮನೆಯ ಜಗಲಿಯ ಮೂಲೆಯಲ್ಲಿ ಕವುಚಿ ಹಾಕಿದ ಒಂದು ಲೋಟ ಯಾವಾಗಲೂ ಇರುತ್ತಿತ್ತು. ಅದು ಯಾರಿಗೆಂದು ನನಗೆ ಬಾಲ್ಯದಲ್ಲೇ ಗೊತ್ತಿತ್ತು. ಕರವಿಯ್ಯೀನಿನ ಹೊಸ್ತಿಲಲ್ಲಿ ಒಂದು ಗಂಟೆ ನಿಂತದ್ದಕ್ಕೆ ನನಗೆ ಬೇಸರವಾಗಿತ್ತು. ಆ ಲೋಟದ ಮುಂದೆ ನಿಂತವರಿಗೆ ಎಷ್ಟು ಶತಮಾನಗಳ ಬೇಸರವಿದ್ದೀತು ಎಂದು ಆ ಬೊಗಸೆ ನೀರು ಕುಡಿಯುವಾಗ ಎಣಿಸಿದೆ.

ಐದನೆಯ ದಿನವನ್ನು ಪೂರ್ತಿಯಾಗಿ ಇಬ್ನ್ ಬತೂತನಿಗೆ ಕೊಟ್ಟೆವು. 1304ರಲ್ಲಿ ಟ್ಯಾಂಜಿಯರಿನಲ್ಲಿ ಹುಟ್ಟಿದ ಅವನು 1325ರಲ್ಲಿ ಹಜ್ ಯಾತ್ರೆಗೆಂದು ಮನೆ ಬಿಟ್ಟವನು, ಫೆಜ್‌ಗೆ ಬಂದು ಮುಟ್ಟಿದ್ದು 1349ರಲ್ಲಿ. ಇನ್ನೇನು ಊರು ಸಮೀಪಿಸಿತು ಎನ್ನುವಾಗ, ತಾಜಾ ಎಂಬಲ್ಲಿ, ತಾಯಿ ಪ್ಲೇಗಿನಿಂದ ತೀರಿಕೊಂಡ ಸುದ್ದಿ ತಿಳಿಯಿತು. ಆಮೇಲೆ ಗ್ರಾನಡಾ, ಸಹಾರಾದಾಚೆಯ ಮಾಲಿ ಎಲ್ಲ ಸುತ್ತಿ 1354ರಲ್ಲಿ ಮರಳಿದಾಗ ಸುಲ್ತಾನ ಅಬೂ ಇನಾನ್ ಅವನನ್ನು ಫೆಜ್‌ನಲ್ಲಿ ನಿಲ್ಲಿಸಿ, ಕಂಡದ್ದನ್ನೆಲ್ಲ ಹೇಳಿ ಬರೆಸು ಎಂದ. ಬರೆದುಕೊಂಡವನು ಗ್ರಾನಡಾದ ಇಬ್ನ್ ಜುಜಯ್ಯ್ ಎಂಬ ವಿದ್ವಾಂಸ. ಹೇಳಿಕೆ 1355ರ ಡಿಸೆಂಬರಿನಲ್ಲಿ ಮುಗಿಯಿತು. ಅದೇ ವರ್ಷಗಳಲ್ಲಿ ಅಬೂ ಇನಾನ್ ಕಟ್ಟಿಸಿದ ಬೂ ಇನಾನಿಯಾ ಮದ್ರಸಾ ಇಂದಿಗೂ ನಿಂತಿದೆ. ಅದರ ಅಂಗಳದವರೆಗೆ ನನಗೂ ಪ್ರವೇಶವಿತ್ತು. ಕೆಳಗೆ ಬಣ್ಣದ ಹಂಚು, ಅದರ ಮೇಲೆ ಗಾರೆಯ ಕೆತ್ತನೆ, ಅದರ ಮೇಲೆ ದೇವದಾರಿನ ಕೆತ್ತನೆ. ಅಂಗಳದ ಒಂದು ಪಕ್ಕದಲ್ಲಿ ಕಾಲುವೆಯ ನೀರು ಹರಿಯುತ್ತದೆ. ಅಲ್ಲಿ ಕುಳಿತು ಮಾಸ್ಟ್ರು ನಮ್ಮ ಕರಾವಳಿಯ ಅಧ್ಯಾಯವನ್ನು ಓದುತ್ತ ಮಲಯಾಳದಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಗುರುತು ಹಾಕಿಕೊಂಡೆ.

ಇಬ್ನ್ ಬತೂತ ನಮ್ಮ ಕಡೆ ಬಂದದ್ದು 1342ರಲ್ಲಿ ದಿಲ್ಲಿಯಿಂದ ಹೊರಟ ಮೇಲೆ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡು, ಹೀಗೆ ಬೇರೆಲ್ಲೂ ಕಂಡಿಲ್ಲವೆಂದ. ಬಾರಕೂರಿನಲ್ಲಿ ಕಬ್ಬು ಸಮೃದ್ಧಿಯಾಗಿದೆ ಎಂದ. ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರು ಪ್ರತ್ಯೇಕ ಕೇರಿಯಲ್ಲಿದ್ದರು. ಊರವರಿಗೂ ಅವರಿಗೂ ಆಗಾಗ ಜಗಳವಾಗುತ್ತಿತ್ತು, ವ್ಯಾಪಾರಿಗಳು ಬೇಕಾದ ಕಾರಣ ಅರಸನೇ ನಡುವೆ ಬಂದು ಸಂಧಾನ ಮಾಡಿಸುತ್ತಿದ್ದ ಎಂದ. ಮಂಗಳೂರಿನಲ್ಲಿ ಮೂರು ದಿನ ಇದ್ದು ಹಡಗು ಹತ್ತಿ ಎರಡು ದಿನದಲ್ಲಿ ಹೀಲಿಯನ್ನು, ಅಂದರೆ ಏಳಿಮಲೆಯನ್ನು ಮುಟ್ಟಿದ. ಮಂಗಳೂರಿಗೂ ಏಳಿಮಲೆಗೂ ನಡುವೆ ಏನಿದೆ? ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡು, ಬೇಕಲ ಎಲ್ಲ ಇದೆ. ಅವನ ಪುಸ್ತಕದಲ್ಲಿ ಅದು ಹೆಸರಿಲ್ಲದ ಎರಡು ದಿನದ ಸಮುದ್ರ. “ನಮ್ಮೂರು ದಾಟುವಾಗ ಅವನಿಗೆ ನಿದ್ದೆ ಬಂದಿರಬೇಕು” ಎಂದರು ಮಾಸ್ಟ್ರು.

ಆದರೆ ಆ ಅಧ್ಯಾಯದಲ್ಲಿ ನಮಗೆ ಸೇರಿದ ಒಂದು ಮಾತು ಉಂಟು. ಗೋವೆಯಿಂದ ಕೊಲ್ಲಮ್‌ವರೆಗೆ ಎರಡು ತಿಂಗಳ ದಾರಿಯಷ್ಟು ಉದ್ದದ ಕರಾವಳಿಯನ್ನು ಅವನು ಒಂದೇ ನಾಡೆಂದು ಎಣಿಸಿ ಮಲೈಬಾರ್ ಎನ್ನುತ್ತಾನೆ. ಅದರಲ್ಲಿ ಹನ್ನೆರಡು ಅರಸರು. ಕೆಲವರಿಗೆ 50,000 ಸೈನ್ಯ, ಕೆಲವರಿಗೆ ಬರೇ 3,000. ಆದರೂ ಬಲವಿದ್ದವನು ಬಲವಿಲ್ಲದವನ ನೆಲಕ್ಕೆ ಆಸೆಪಡುವುದಿಲ್ಲವಂತೆ. ಒಬ್ಬನ ಸೀಮೆ ಮುಗಿದು ಇನ್ನೊಬ್ಬನದು ಶುರುವಾಗುವಲ್ಲಿ ಒಂದು ಮರದ ಬಾಗಿಲು. ಮುಂದಿನ ಸೀಮೆಯ ಅರಸನ ಹೆಸರನ್ನು ಅದರ ಮೇಲೆ ಕೆತ್ತಿರುತ್ತದೆ. ಆ ಬಾಗಿಲಿಗೆ ‘ಇಂಥವನ ಬಾಬ್ ಅಮಾನ್’ ಎಂದು ಹೆಸರು. ಅಮಾನ್ ಎಂದರೆ ಅಭಯ. ತಪ್ಪು ಮಾಡಿ ಓಡಿಬಂದವನು, ಅವನು ಯಾವ ಮತದವನೇ ಇರಲಿ, ಆ ಬಾಗಿಲು ದಾಟಿದರೆ ಬದುಕಿದ. ಬೆನ್ನಟ್ಟಿ ಬಂದ ಅರಸ ಎಷ್ಟೇ ಬಲಶಾಲಿಯಾಗಿದ್ದರೂ ಅವನನ್ನು ಹಿಡಿಯುವಂತಿಲ್ಲ.

ಮಾಸ್ಟ್ರು ಈ ಸಾಲನ್ನು ಎರಡು ಸಲ ಓದಿದರು. 1956ರ ಮಾರ್ಚಿನಲ್ಲಿ ಮೊರಾಕೊ ಸ್ವತಂತ್ರವಾಯಿತು. ಅದೇ ವರ್ಷದ ನವೆಂಬರ್ ಒಂದರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಾವು ಗಡಿ ಎಂಬ ಮಾತನ್ನು ಆಡುವಾಗಲೆಲ್ಲ ಗೋಡೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಆಡುತ್ತೇವೆ. ಕಳೆದುಕೊಂಡವರು ಹಾಗೆ ಆಡುವುದು ಸಹಜ, ನಾನೂ ಅವರಲ್ಲಿ ಒಬ್ಬ. ಆದರೆ ಇದೇ ಕರಾವಳಿಯಲ್ಲಿ ಗಡಿಗೆ ಬಾಗಿಲು ಎಂದೂ ಆ ಬಾಗಿಲಿಗೆ ಅಭಯ ಎಂದೂ ಹೆಸರಿದ್ದ ಕಾಲವೊಂದಿತ್ತು ಎಂದು ತಿಳಿಯಲು ನನಗೆ ನಿವೃತ್ತಿಯ ನಂತರ ಆಫ್ರಿಕದ ಒಂದು ಮದ್ರಸಾದ ಅಂಗಳದಲ್ಲಿ ಕುಳಿತುಕೊಳ್ಳಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಇಬ್ನ್ ಬತೂತ ಇದನ್ನೆಲ್ಲ ಹೇಳಿದ್ದು ನೆನಪಿನಿಂದ. ಹೊನ್ನಾವರಕ್ಕೂ ಬಾರಕೂರಿಗೂ ನಡುವಿನ ಕಡಲಿನಲ್ಲಿ ಹನ್ನೆರಡು ಹಡಗುಗಳಲ್ಲಿ ಬಂದ ಕಡಲ್ಗಳ್ಳರು ಸಿಂಹಳದ ಅರಸ ಕೊಟ್ಟ ಮುತ್ತುರತ್ನಗಳಿಂದ ಹಿಡಿದು ಉಟ್ಟ ಬಟ್ಟೆಯವರೆಗೆ ದೋಚಿ, ಒಂದು ಚಡ್ಡಿಯಲ್ಲಿ ಅವನನ್ನು ದಡಕ್ಕೆ ಬಿಟ್ಟಿದ್ದರು. ಬುಖಾರಾದಲ್ಲಿ ಬರೆದುಕೊಂಡಿದ್ದ ಟಿಪ್ಪಣಿಗಳೂ ಹಾಗೆ ಕಡಲಿನಲ್ಲಿ ಹೋದವು ಎಂದು ಅವನೇ ಹೇಳಿದ್ದಾನೆ. ಅಭಯದ ಬಾಗಿಲುಗಳ ನಾಡನ್ನು ಹೊಗಳಿದವನೇ ಅದೇ ನಾಡಿನ ಕಡಲಿನಲ್ಲಿ ಬತ್ತಲಾದವನು. ಎರಡನ್ನೂ ಅವನು ಮುಚ್ಚಿಡದೆ ಹೇಳಿದ ಕಾರಣ ಮೊದಲಿನದ್ದನ್ನು ನಂಬಲು ನನಗೆ ಧೈರ್ಯ ಬರುತ್ತದೆ.

ಅವನ ಕಾಲದ ಫೆಜ್ ಜನರು ಮಾತ್ರ ಅಷ್ಟು ಸುಲಭವಾಗಿ ನಂಬಲಿಲ್ಲ. ಆ ಹೊತ್ತಿಗೆ ಅದೇ ಆಸ್ಥಾನದಲ್ಲಿ 22 ವರ್ಷದ ಒಬ್ಬ ಯುವಕನಿದ್ದ, ಮುಂದೆ ಮಹಾ ಇತಿಹಾಸಕಾರನಾದ ಇಬ್ನ್ ಖಲ್ದೂನ್. ಭಾರತದಿಂದ ಬಂದವನು ಹೇಳುವುದೆಲ್ಲ ಸುಳ್ಳು ಎಂದು ಆಸ್ಥಾನದವರು ಪಿಸುಗುಟ್ಟುತ್ತಿದ್ದರೆಂದೂ, ತಾನೂ ಹಾಗೆಯೇ ಎಣಿಸಿ ವಜೀರ ಫಾರಿಸ್ ಬಿನ್ ವದ್ರಾರನಲ್ಲಿ ಹೇಳಿದೆನೆಂದೂ ಅವನು ಬರೆದಿದ್ದಾನೆ. ವಜೀರ ಉತ್ತರವಾಗಿ ಒಂದು ಕಥೆ ಹೇಳಿದನಂತೆ. ಸೆರೆಮನೆಗೆ ಬಿದ್ದ ಒಬ್ಬ ಮಂತ್ರಿಯ ಮಗ ಅಲ್ಲೇ ಬೆಳೆದ. ತಾನು ತಿನ್ನುವ ಮಾಂಸ ಯಾವುದರದ್ದೆಂದು ಒಂದು ದಿನ ತಂದೆಯನ್ನು ಕೇಳಿದ. ಕುರಿಯದ್ದು ಎಂದ ತಂದೆ, ಕುರಿ ಹೇಗಿರುತ್ತದೆಂದು ವಿವರಿಸಿದ. ‘ಹಾಗಾದರೆ ಇಲಿಯ ಹಾಗೆ ಅಲ್ಲವೇ?’ ಎಂದ ಮಗ. ಸೆರೆಮನೆಯಲ್ಲಿ ಅವನು ಕಂಡ ಪ್ರಾಣಿ ಇಲಿಯೊಂದೇ. ನೀನು ಕಾಣಲಿಲ್ಲವೆಂದು ಸುಳ್ಳೆನ್ನಬೇಡ ಎಂಬುದು ವಜೀರನ ಬುದ್ಧಿವಾದ. ತನಗೆ ಕಲಿಸಿದ ಈ ಪಾಠವನ್ನು ಇಬ್ನ್ ಖಲ್ದೂನ್ ಮರೆಯಲಿಲ್ಲ. ಮುಂದೆ 1396ರಲ್ಲಿ ಅವನು ತನ್ನ ಇತಿಹಾಸ ಗ್ರಂಥದ ಒಂದು ಪ್ರತಿಯನ್ನು ಕರವಿಯ್ಯೀನಿನ ಗ್ರಂಥಾಲಯಕ್ಕೆ ದಾನವಾಗಿ ಕೊಟ್ಟ. 2016ರಲ್ಲಿ ದುರಸ್ತಿ ಮುಗಿದ ಆ ಗ್ರಂಥಾಲಯದ ಬಾಗಿಲನ್ನು ಆರನೆಯ ದಿನ ನಾವು ಹೊರಗಿನಿಂದ ನೋಡಿದೆವು. ಈ ಸಲ ಮಾಸ್ಟ್ರೂ ನನ್ನ ಜೊತೆ ಹೊರಗೇ ಇದ್ದರು.

ಹತ್ತಿರದಲ್ಲೇ ಅತ್ತಾರೀನ್ ಎಂಬ ಸಾಂಬಾರ ಪದಾರ್ಥಗಳ ಬೀದಿ. ಒಂದು ಅಂಗಡಿಯಲ್ಲಿ ನಾನು ಕಾಳುಮೆಣಸನ್ನು ಕೈಯಲ್ಲಿ ಹಿಡಿದು ಮೂಸಿದೆ. ಕಲ್ಲಿಕೋಟೆಯಲ್ಲಿ ಮೆಣಸನ್ನು ನಮ್ಮ ಕಡೆ ಜೋಳ ಅಳೆಯುವ ಹಾಗೆ ಅಳೆಯುತ್ತಾರೆ ಎಂದು ಇಬ್ನ್ ಬತೂತ ಹೇಳಿದಾಗ ಈ ಬೀದಿಯವರು ಹೇಗೆ ನಂಬಿಯಾರು? ಅವರಿಗೆ ಅದು ಚಿಟಿಕೆಯಲ್ಲಿ ಮಾರುವ ಸಾಮಾನು. ನಾವು ಭಾರತದವರೆಂದು ತಿಳಿದ ಅಂಗಡಿಯವನು ಹಿಂದಿ ಸಿನಿಮಾದ ಹಾಡೊಂದನ್ನು ಗುನುಗಿ ಪುದೀನ ಚಹಾ ತರಿಸಿಕೊಟ್ಟ. ನಾವಿಬ್ಬರು ಒಂದೇ ಭಾಷೆಯವರೇ ಎಂದು ಕೇಳಿದ. ಮಾಸ್ಟ್ರು ತಮ್ಮ ಗ್ರಂಥಸ್ಥ ಅರಬಿಯಲ್ಲಿ, “ಅಲ್ಲ, ಒಂದೇ ದಂಡೆಯವರು” ಎಂದರು.

ಏಳನೆಯ ದಿನ ಸಂಜೆ, ಮರೀನಿದ್ ಸುಲ್ತಾನರ ಪಾಳುಬಿದ್ದ ಸಮಾಧಿಗಳಿರುವ ಗುಡ್ಡ ಹತ್ತಿದೆವು. ಕೆಳಗೆ ಇಡೀ ಫೆಜ್ ಬಟ್ಟಲಿನಲ್ಲಿಟ್ಟ ಹಾಗೆ ಕಾಣುತ್ತದೆ. ಹಸಿರು ಹಂಚಿನ ಮಾಡುಗಳಿಂದ ಕರವಿಯ್ಯೀನನ್ನು ಗುರುತಿಸಿದೆವು. ಅಂದಲೂಸಿಯರ ಮಸೀದಿ ಆಚೆ ಏರಿನಲ್ಲಿ ಕಂಡಿತು. ನಡುವಿನ ನದಿಯನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ, ಮನೆಗಳ ನಡುವೆ ಮುಚ್ಚಿಹೋಗಿತ್ತು. ಅಷ್ಟರಲ್ಲಿ ಸಂಜೆಯ ಬಾಂಗು ಒಂದು ಕಡೆಯಿಂದ ಶುರುವಾಗಿ ಎರಡೂ ದಂಡೆಗಳ ಮಿನಾರುಗಳಿಗೆ ಹಬ್ಬಿತು. ಯಾವುದು ಮೊದಲು, ಯಾವುದು ನಂತರ ಎಂದು ಹೇಳಲು ಸಾಧ್ಯವಿರಲಿಲ್ಲ.

ಊರಿಗೆ ಮರಳಿದ ಮೇಲೆ ಒಂದು ಭಾನುವಾರ ಮಾಸ್ಟ್ರ ಹಿರಿಮಗಳ ಮನೆಗೆ ಹೋಗಿ ಬಂದೆ. ಫೆಜ್‌ನಿಂದ ತಂದ ಒಂದು ಹಿತ್ತಾಳೆಯ ತಟ್ಟೆಯನ್ನು ಕೊಟ್ಟೆ. ಮದುವೆಯ ಉಡುಗೊರೆ ಇಷ್ಟು ತಡವಾಗಿ ಕೊಡುವುದು ಯಾವ ಶಾಸ್ತ್ರ ಎಂದು ಆಕೆ ಕೇಳಲಿಲ್ಲ. ಒಳಗೆ ಕರೆದು, ಚಹಾ ಕೊಟ್ಟಳು.

ಈ ಲೇಖನವನ್ನು ಕನ್ನಡದಲ್ಲಿ ನಾನು ಬರೆಯುವುದೆಂದೂ, ಮಲಯಾಳದ ಪುಟಗಳಿಗೆ ಅವರು ಬರೆಯುವುದೆಂದೂ ನಮ್ಮೊಳಗೆ ಮಾತಾಗಿತ್ತು. “ನೀವು ಬಾಗಿಲಿನ ವಿಷಯ ಬರೆಯಿರಿ, ನಾನು ನೀರಿನ ವಿಷಯ ಬರೆಯುತ್ತೇನೆ” ಎಂದಿದ್ದಾರೆ. ಅವರ ಬರಹವನ್ನು ನಾನಿನ್ನೂ ನೋಡಿಲ್ಲ. ಎರಡು ಲಿಪಿಗಳನ್ನೂ ಓದಬಲ್ಲ ಓದುಗರು ಈ ವಾರ್ಷಿಕದಲ್ಲಿ ಬಹಳ ಮಂದಿ ಇದ್ದೀರಿ. ಎರಡನ್ನೂ ಓದಿ, ನಾನು ಎಲ್ಲಿ ತಪ್ಪಿದ್ದೇನೆ, ಅವರು ಎಲ್ಲಿ ಹೆಚ್ಚು ಹೇಳಿದ್ದಾರೆ ಎಂದು ನಮ್ಮಿಬ್ಬರಿಗೂ ತಿಳಿಸಿದರೆ ಉಪಕಾರವಾದೀತು.